ಕಿರಿಯರು ಮೊದಲು

ಗಾಜಿನ ಮೇಲೆ ಒರೆಸುವ ಬಟ್ಟೆ ಬಿಟ್ಟುಹೋದ ಒಂದು ಗೆರೆ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಬಿಸಿಲು ಬಿದ್ದಾಗೆಲ್ಲ ಮಿಂಚಿ ಮಾಯವಾಗುತ್ತಿದೆ, ಇರಲಿ, ಹೊಸ ಮಾರ್ಗದ ಮೊದಲ ರೈಲು, ಇಷ್ಟು ಚೆಂದದ ಮುಖಕ್ಕೆ ಒಂದು ಮಚ್ಚೆ ಇದ್ದರೇನು ಅಂದುಕೊಂಡಳು, ಬಲಗೈ ರೈಲು ಓಡಿಸುವ ಹಿಡಿಯ ಮೇಲಿದೆ, ಒತ್ತಿಕೊಂಡೇ ಇರಬೇಕು, ಬಿಟ್ಟರೆ ಇಡೀ ರೈಲು ಮುನಿಸಿಕೊಂಡು ನಿಂತುಬಿಡುತ್ತದೆ, ಥೇಟ್ ಅಪ್ಪನ ಹಾಗೆ — ಎಡಗೈಗೆ ಮಾತ್ರ ಸ್ವಾತಂತ್ರ್ಯ, ಅದೂ ಪೂರ್ತಿ ಅಲ್ಲ, ಸಿಗ್ನಲ್ ಕಂಡಾಗೆಲ್ಲ ಬೆರಳು ಚಾಚಿ ಗಟ್ಟಿಯಾಗಿ ಹೇಳಬೇಕು, ಹಸಿರು. ಕ್ಯಾಬಿನ್ನಿನಲ್ಲಿ ಕೇಳುವವರು ಯಾರೂ ಇಲ್ಲ, ಆದರೂ ಹೇಳಬೇಕು, ಬಾಯಿ ಹೇಳಿದ್ದನ್ನ ಕಣ್ಣು ಮರೆಯಲ್ಲಮ್ಮ ಅಂತ ತರಬೇತಿಯ ಮೇಷ್ಟ್ರು, ಈಗ ಮನೆಯಲ್ಲೂ ಅದೇ ಚಾಳಿ, ಒಲೆಗೆ ಬೆರಳು ತೋರಿಸಿ ಆರಿದೆ, ಬಾಗಿಲಿಗೆ ಬೆರಳು ತೋರಿಸಿ ಬೀಗ, ಗಂಡ ನಗುತ್ತಾನೆ, ನನ್ ಕಡೆನೂ ಒಂದ್ಸಲ ತೋರ್ಸಿ ಹಸಿರು ಅನ್ನಬಾರ್ದಾ. ಹಿಂದೆ ಬೋಗಿಗಳ ತುಂಬ ಜನ, ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು, ನದಿಯಾಚೆಯ ಬಡಾವಣೆಯಲ್ಲಿ ಯಾರು ಹತ್ತುತ್ತಾರೆ, ಖಾಲಿ ರೈಲು ಓಡಿಸಬೇಕಾಗುತ್ತೆ ಅಂತ ಮೂಗು ಮುರಿದವರೆಲ್ಲ ಈಗ ಬಂದು ನೋಡಲಿ, ಹತ್ತದೆ ಏನು ಮಾಡುತ್ತಾರೆ, ಬಸ್ಸಿನ ಬಾಗಿಲಿಗೆ ಜೋತುಬಿದ್ದೇ ಬೆಳೆದ ಜನ ಅದು, ಅವಳಿಗೆ ಗೊತ್ತಿಲ್ಲವೇ, ಆ ಬಸ್ಸು ಅಪ್ಪನದು.

ಅಪ್ಪನ ಬಸ್ಸು, ನದಿಯಾಚೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ನದಿಯಾಚೆಗೆ, ಸರ್ವಿಸು ಪೂರ್ತಿ ಅದೊಂದೇ ರೂಟು, ಶಾಲೆಗೆ ರಜೆ ಬಂದರೆ ಅವಳ ಜಾಗ ಇಂಜಿನ್ ಬಾನೆಟ್ಟಿನ ಮೇಲೆ, ತೊಡೆಯ ಕೆಳಗೆ ಬಿಸಿ, ಮೂಗಿಗೆ ಡೀಸೆಲ್ಲು, ಎದುರಿಗೆ ಇನ್ನೊಂದು ಬಸ್ಸು ಬರುತ್ತದೆ, ಅದರ ಡ್ರೈವರು ಸ್ಟೀರಿಂಗಿನಿಂದ ಒಂದು ಕೈ ಎತ್ತುತ್ತಾನೆ, ಆಮೇಲೆ ಅಪ್ಪನ ಕೈ ಏಳುತ್ತದೆ, ಅಗಲವಾದ ಅಂಗೈ, ಐದೂ ಬೆರಳು ಬಿಚ್ಚಿ, ಒಂದೇ ಕ್ಷಣ, ಮತ್ತೆ ಸ್ಟೀರಿಂಗಿಗೆ. ನೀನ್ಯಾಕಪ್ಪಾ ಮೊದ್ಲು ಎತ್ತಲ್ಲ. ಕಿರಿಯರು ಮೊದ್ಲು ಎತ್ಬೇಕು ಪುಟ್ಟಿ, ಹಿರಿಯರು ಉತ್ತರ ಕೊಡ್ಬೇಕು, ರಸ್ತೆಗೂ ಒಂದು ಮರ್ಯಾದೆ ಬೇಡ್ವಾ. ಅಪ್ಪನಿಗಿಂತ ಹಿರಿಯ ಡ್ರೈವರು ಡಿಪೋದಲ್ಲಿ ಉಳಿದೇ ಇಲ್ಲ, ಹಾಗಾಗಿ ಮೊದಲು ಕೈ ಎತ್ತುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿದೆ, ಉತ್ತರ ಕೊಡುವುದಂತೂ ರಕ್ತದಲ್ಲೇ ಇಳಿದಿದೆ, ಒಮ್ಮೆ ನೆಂಟರ ಮನೆಗೆ ಹೋಗುವಾಗ ಸುಮ್ಮನೆ ಪ್ರಯಾಣಿಕನಾಗಿ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವನು ಎದುರು ಬಸ್ಸಿನವನು ಕೈ ಎತ್ತಿದ್ದು ಕಂಡು ತಾನೂ ಎತ್ತಿಬಿಟ್ಟ, ಇಳಿಯಬೇಕೇನೋ ಎಂದು ಪಕ್ಕದವರು ಎದ್ದು ದಾರಿ ಬಿಟ್ಟರು, ಅಮ್ಮ ನಕ್ಕು ನಕ್ಕು ಸುಸ್ತಾಗಿದ್ದಳು. ಈಗ ಆ ಮನೆಯಲ್ಲಿ ನಗುವಿಲ್ಲ, ಇವತ್ತು ಆ ರೂಟಿನ ಕೊನೆಯ ದಿನ, ರೈಲು ಬಂದ ಮೇಲೆ ಅದೇ ದಾರಿಗೆ ಬಸ್ಸೇಕೆ ಅಂದರು ಮೇಲಿನವರು, ನಾಳೆಯಿಂದ ಅಪ್ಪನಿಗೆ ಪುಟ್ಟ ಬಸ್ಸು, ಬಡಾವಣೆಯ ಓಣಿ ಓಣಿ ಸುತ್ತಿ ಜನರನ್ನು ರೈಲು ನಿಲ್ದಾಣಕ್ಕೆ ಬಿಡುವ ಕೆಲಸ. ಸುದ್ದಿ ಬಂದ ದಿನ ಊಟಕ್ಕೆ ಕೂತು ಅಪ್ಪ ಅಂದ, ನಿನ್ ರೈಲಿಗೆ ನಾನು ಜನ ತಂದು ಸುರೀಬೇಕು, ಅಷ್ಟೇ ತಾನೇ. ನಾನೇನಪ್ಪಾ ಮಾಡ್ಲಿ, ಕೋಳಿನ ಕೇಳಿ ಮಸಾಲೆ ಅರೀತಾರಾ — ತಮಾಷೆಗೆಂದೇ ಅಂದಳು, ಅಪ್ಪ ಅರ್ಧ ಊಟಕ್ಕೆ ಎದ್ದ, ಅವತ್ತಿನಿಂದ ಮಾತಿಲ್ಲ, ತವರಿಗೆ ಹೋದರೆ ಎದುರಿಗೇ ಕೂತು, ಉಪ್ಪು ಈ ಕಡೆ ತಳ್ಳೋಕೆ ಹೇಳೇ ಅವಳಿಗೆ ಅಂತ ಅಮ್ಮನಿಗೆ. ನೋವಾಗುತ್ತದೆ, ಸುಳ್ಳೇಕೆ, ತುಂಬಾ ನೋವಾಗುತ್ತದೆ.

ಆದರೂ ಸೋಲುವವಳಲ್ಲ, ನೂಲಿನಂತೆ ಸೀರೆ, ಅಪ್ಪನಂತೆ ಮಗಳು, ಹಟ ಎಲ್ಲಿಂದ ಬಂತು ಮತ್ತೆ, ನಿನ್ನೆ ಫೋನಿನಲ್ಲಿ ಅಮ್ಮನಿಗೆ ಹೇಳಿದಳು, ಬೆಳಗ್ಗೆ ಸೇತುವೆ ಮೇಲೆ ಎದುರಾಗ್ತೀವಿ, ನಾನು ಕಿರಿಯಳು, ನಾನೇ ಮೊದ್ಲು ಕೈ ಎತ್ತೀನಿ, ಉತ್ತರ ಕೊಡೋದು ಬಿಡೋದು ಅವನ ಮರ್ಯಾದೆಗೆ ಬಿಟ್ಟಿದ್ದು ಅಂತ ಹೇಳಮ್ಮ. ಹೇಳ್ದೆ ಕಣೇ, ಕೂತ್ಕೊಂಡು ಶೂ ಉಜ್ತಾನೇ ಇದ್ರು. ಕೊಡುತ್ತಾನೆ, ಉತ್ತರ ಕೊಡದೆ ಹೋದ ದಿನ ಅಪ್ಪ ಅಪ್ಪನೇ ಅಲ್ಲ — ಆದರೆ ಅದು ಡ್ರೈವರಿಗೆ ಡ್ರೈವರು ಕೊಡುವ ಮರ್ಯಾದೆ, ಗಾಜಿನ ಡಬ್ಬಿಯಲ್ಲಿ ಕೂತವಳನ್ನು ಡ್ರೈವರೆಂದು ಲೆಕ್ಕಕ್ಕೆ ಹಿಡಿಯುತ್ತಾನೆಯೇ, ಹಿಡಿಯಲೇಬೇಕು, ಬಾನೆಟ್ಟಿನ ಮೇಲೆ ಕೂರಿಸಿ ದಾರಿ ನೋಡಲು ಕಲಿಸಿದವನು ಯಾರು. ಹಳಿ ತಿರುಗಿತು, ಚಕ್ರದ ಕೆಳಗೆ ಸದ್ದು ಟೊಳ್ಳಾಯಿತು, ಸೇತುವೆ, ಕೆಳಗೆ ನೀರು, ಪಕ್ಕದಲ್ಲೇ ಅದೇ ಎತ್ತರಕ್ಕೆ ರಸ್ತೆಯ ಹಳೇ ಸೇತುವೆ, ಯಾವಾಗಿನಂತೆ ವಾಹನಗಳ ಆಮೆನಡಿಗೆ, ಸಿಗ್ನಲ್, ಬೆರಳು ಚಾಚಿದಳು, ಹಸಿರು, ಕೈ ಇಳಿಸಿದಳು, ಎಲ್ಲಿ, ಕಾರು, ಕಾರು, ಲಾರಿ, ಅದರ ಹಿಂದೆ ಅಪ್ಪನ ಆ ಬೋಳು ಹಣೆಯ ಬಸ್ಸು, ಬಂತು, ಈಗ ಎತ್ತಬೇಕು, ಮೊದಲು ನಾನು, ಕಿರಿಯರು ಮೊದಲು, ಎಡಗೈ ಇನ್ನೂ ತೊಡೆಯ ಮೇಲೇ ಇದೆ, ಆಗಲೇ ಬಸ್ಸಿನ ಗಾಜಿನ ಹಿಂದೆ ಏನೋ ಬೆಳ್ಳಗೆ, ನನ್ನ ಗಾಜಿನ ಗೆರೆಯೇ, ಅಲ್ಲ, ಗೆರೆ ಮಿಂಚಿ ಮಾಯವಾಗುತ್ತದೆ, ಇದು ಮಾಯವಾಗುತ್ತಿಲ್ಲ, ಎಷ್ಟು ಹೊತ್ತಿನಿಂದ ಹಾಗೇ ಹಿಡಿದಿದ್ದಾನೋ, ಅವಳ ಎಡಗೈ ಎದ್ದಿತು, ಎದ್ದದ್ದು ಅಂಗೈ ಬಿಚ್ಚುವುದನ್ನೇ ಮರೆತು ರೂಢಿಯಂತೆ ಬೆರಳು ಚಾಚಿತು, ಬಾಯಿ ಖಾಲಿ ಕ್ಯಾಬಿನ್ನಿನಲ್ಲಿ ಗಟ್ಟಿಯಾಗಿ ಹೇಳಿತು, ಅಪ್ಪ. ಅಂಗೈ, ಅಗಲವಾದ ಅಂಗೈ, ಐದೂ ಬೆರಳು ಬಿಚ್ಚಿ, ಅವಳಿಗಿಂತ ಮೊದಲೇ ಎತ್ತಿದ್ದು, ಇನ್ನೂ ಸ್ಟೀರಿಂಗಿಗೆ ಇಳಿಯದ ಅಂಗೈ