ಕಾಲು ಮುಂದೆ, ಮುಖ ಹಿಂದೆ

ನಾನು ಒಂದು ಮೂರು ಗಾಲಿಯ ಸೈಕಲ್ಲು. ಅದೂ ಒರಗಿ ಕೂತು ತುಳಿಯುವಂಥದ್ದು. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಕಬ್ಬಿಣದ ಪೈಪು ಬೆಸೆದು ನನ್ನನ್ನು ಮಾಡಿದರು. ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ತೀರಾ ತಗ್ಗಿನಲ್ಲಿ ಒರಗುವ ಕುರ್ಚಿ. ಪೆಡಲ್ ಎಲ್ಲಕ್ಕಿಂತ ಮುಂದೆ. ಹೀಗಾಗಿ ನನ್ನ ಮೇಲೆ ಕೂತವರ ಕಾಲು ಮೊದಲು ಬರುತ್ತದೆ, ಮುಖ ಆಮೇಲೆ. ಮರ್ಯಾದಸ್ಥರ ನಾಡಿನಲ್ಲಿ ಇಂಥ ಜನ್ಮ ಯಾರಿಗೂ ಬೇಡ.

ಅಂಗಡಿಯಲ್ಲಿ ನೆಟ್ಟಗೆ ನಿಂತ ಸೈಕಲ್ಲುಗಳ ನಡುವೆ ಮುದುಡಿಕೊಂಡಿದ್ದೆ. "ಮಂಚಕ್ಕ ಗಾಲಿ ಹಚ್ಚ್ಯಾರಲೇ!" ಎಂದು ನಗದೆ ಹೋದವರಿಲ್ಲ.

ಒಂದು ದಿನ ವಿಜಯಪುರದ ಕಸ್ತೂರಿ ಗಂಡನ ಜೊತೆ ಬಂದಳು. ಹರೆಯದಲ್ಲಿ ಸೈಕಲ್ ರೇಸ್ ಗೆದ್ದವಳು. ಈಗ ಕಿವಿಯೊಳಗಿನ ಬೇನೆಯಿಂದ ತಲೆ ತಿರುಗಿ, ಎರಡು ಗಾಲಿಯ ಮೇಲೆ ನಿಲ್ಲಲಾರಳು. ಸೈಕಲ್ ಬಿಟ್ಟ ಮೇಲೆ ಅವಳಿಗೆ ಊಟವೂ ರುಚಿಸುತ್ತಿರಲಿಲ್ಲವಂತೆ. ಮೊದಲು ಬುಟ್ಟಿ ಇದ್ದ, ಎತ್ತರದ ಮೂರು ಗಾಲಿಯದನ್ನು ಹತ್ತಿದಳು. ತಿರುವಿನಲ್ಲಿ ಅದು ಒಂದು ಗಾಲಿ ಎತ್ತಿತು, ಬೆವರಿ ಇಳಿದಳು. ಆಮೇಲೆ ನನ್ನ ಮೇಲೆ ಕೂತಳು. ಅಂಗಳದಲ್ಲಿ ಸುತ್ತು ಹೊಡೆದಳು, ಜೋರಾಗಿಯೇ ಹೊಡೆದಳು. ತಲೆ ತಿರುಗಲಿಲ್ಲ.

"ಇದ ಬೇಕ್ರಿ," ಅಂದಳು ಗಂಡನಿಗೆ. ಮರುಕ್ಷಣ ದನಿ ತಗ್ಗಿಸಿ, "ಆದ್ರ ಮಂದಿ ಮುಂದ ಹೆಂಗ ಹೋಗೂದು?"

ಕೊಳ್ಳುವವಳೇ ಹಾಗಂದರೆ ನಾನು ಯಾರಿಗೆ ಮುಖ ತೋರಿಸಲಿ?

ಊರಿಗೆ ಬಂದ ಮೇಲೆ ಜನ ಏಳುವ ಮೊದಲೇ ನನ್ನನ್ನು ಹೊರಗೆ ತೆಗೆಯುತ್ತಿದ್ದಳು. ಗುಡಿ ಎದುರಾದರೆ ಇಳಿದು ನೂಕಿಕೊಂಡು ಹೋಗುವಳು. ದೇವರ ಕಡೆ ಕಾಲು ಚಾಚುವುದುಂಟೆ?

ದಸರೆಯ ಸಂಜೆ, ತನಗೆ ರೇಸ್ ಕಲಿಸಿದ ಹೂಗಾರ ಮಾಸ್ತರರಿಗೆ ಬನ್ನಿ ಎಲೆ ಕೊಟ್ಟು ನಮಸ್ಕರಿಸಲು ಹೊರಟಳು. ಅವರ ಓಣಿಯ ಬಾಯಲ್ಲೇ ಇಳಿಯುವ ಲೆಕ್ಕ ಹಾಕಿದ್ದಳು. ಆದರೆ ಮುದುಕರು ತಿರುವಿನ ಕಟ್ಟೆಯ ಮೇಲೆಯೇ ಕೂತಿದ್ದರು. ನಾವು ತಿರುಗಿದ್ದೇ ತಡ, ಕಸ್ತೂರಿಯ ಎರಡೂ ಕಾಲು ನೇರ ಗುರುಗಳ ಮುಖಕ್ಕೆ! ಬ್ರೇಕ್ ಒತ್ತಿದಳು. ಕಾಲು ಎಳೆದುಕೊಳ್ಳಹೋದರೆ ಪೆಡಲಿನ ಪಟ್ಟಿ ಬಿಡಲಿಲ್ಲ. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ತಪ್ಪಾತ್ರಿ ಸರ್, ಕಾಲು..." ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. "ಇನ್ನ ಇದನ್ನ ಮುಟ್ಟೂದಿಲ್ರಿ. ನಾಳೇನ ಅಂಗಡಿಗೆ ತಿರುಗಿ ಕೊಟ್ಟಬಿಡ್ತೀನಿ."

ಮಾಸ್ತರರು ಕನ್ನಡಕ ಏರಿಸಿ ಅವಳ ಕಾಲನ್ನೇ ನೋಡುತ್ತಿದ್ದರು.

"ಆವತ್ತ ರೇಸಿಗೆ ನಿನ್ನ ಮುಖ ನೋಡಿ ಆರಿಸಿದ್ನೇನ ನಾ? ಕಾಲು ನೋಡೇ ಆರಿಸಿದ್ದು. ಬನ್ನಿ ಆಮ್ಯಾಲ ಕೊಡುವಂತಿ. ಆ ತುದಿಗೆ ಹೋಗಿ ಬಾ, ನೋಡ್ತೀನಿ."

ಇಡೀ ಓಣಿ ಬಾಗಿಲಿಗೆ ಬಂದಿತ್ತು. ಅವಳು ತಲೆ ತಗ್ಗಿಸಿಯೇ ಹೋಗಿ ಬಂದಳು.

"ಹಿಮ್ಮಡಿ ಕೆಳಗ ಬೀಳಾಕತ್ತೈತಿ. ಇನ್ನೊಮ್ಮೆ!" ಮಾಸ್ತರರು ಗದರಿದರು.

ಈಗ ಮಾಸ್ತರರಿಲ್ಲ. ನನಗೂ ತುಕ್ಕು ಹಿಡಿದಿದೆ. ದಿನದ ಹೆಚ್ಚು ಹೊತ್ತು ಕಸ್ತೂರಿಯ ಮನೆಯ ಮೆಟ್ಟಿಲ ಕೆಳಗೆ ಇರುತ್ತೇನೆ. ಮಂದಿ ನಕ್ಕರೆ ಇವತ್ತಿಗೂ ನಾಚಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ. ಅವಳಿಗೂ ಆಗುತ್ತದೆ, ಬೆನ್ನು ಬಿಗಿಯಾದಾಗ ನನ್ನ ಕುರ್ಚಿಗೆ ಗೊತ್ತಾಗುತ್ತದೆ. ಗುಡಿ ಬಂದರೆ ಈಗಲೂ ಇಳಿಯುತ್ತಾಳೆ. ಮಾಸ್ತರರ ಖಾಲಿ ಕಟ್ಟೆಯ ಎದುರು ಮಾತ್ರ ಇಳಿಯುವುದಿಲ್ಲ. ಅಲ್ಲಿ ಕಾಲು ಮುಂದೆ ಮಾಡಿಕೊಂಡೇ, ಅವರಿಗೆ ಕಾಣಲಿ ಎಂಬಂತೆ, ನಿಧಾನ ತುಳಿಯುತ್ತಾಳೆ.