ಪಂಡಿತನ ಚುಕ್ಕಿ

“ಓದಲೇ. ನನ್ನ ಹೆಸರಿನ ಮುಂದ ಏನ್ ಬರದದ, ಓದು.”

ರಂಭಾಬಾಯಿ ಗೇಟಿಗೆ ಅಂಟಿಸಿದ್ದ ಕಾಗದದ ಮೇಲೆ ಬೆರಳಿಟ್ಟು ನಿಂತಿದ್ದಳು. ಬೆರಳು ತಪ್ಪು ಹೆಸರಿನ ಮೇಲಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಪಂಡಿತ ಅದನ್ನು ಎರಡು ಸಾಲು ಕೆಳಗೆ ಸರಿಸಲು ಹೋಗಿ, ಅವಳ ಇನ್ನೊಂದು ಕೈಯಲ್ಲಿ ಚಪ್ಪಲಿ ಇರುವುದನ್ನು ಕಂಡು, ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಗೈರಹಾಜರ, ನಲವತ್ತೊಂದು ದಿನ,” ಎಂದು ಓದಿದ.

“ನಲವತ್ತೊಂದು ದಿನ ನಾ ಎಲ್ಲಿ ಸತ್ತಿದ್ನೋ ಭಾಡ್ಯಾ? ಯಾರ ಮಣ್ಣಿಗಿ ಹೋಗಿದ್ದೆ?”

“ನಾ ಬರದಿಲ್ಲಕ್ಕಾ. ಕಂಪ್ಯೂಟರ ಬರದದ.”

“ಕಂಪ್ಯೂಟರಿಗಿ ನನ್ನ ಹೆಸರು ಯಾರ್ ಹೇಳಿದ್ರು? ಅದರಪ್ಪಾ?”

ಹಿಂದೆ ನಿಂತಿದ್ದ ಆರು ಮಂದಿ ಹೆಂಗಸರು ನಕ್ಕರು. ನಕ್ಕವರ ಹೆಸರುಗಳೂ ಅದೇ ಕಾಗದದಲ್ಲಿದ್ದವು. ವರ್ಷದಲ್ಲಿ ಮೂವತ್ತಕ್ಕಿಂತ ಹೆಚ್ಚು ದಿನ ಗೈರಹಾಜರಾದ ಕೆಳಗಿನ ಏಳು ಮಂದಿ ಸೋಮವಾರದಿಂದ ಕೆಲಸಕ್ಕೆ ಬರಕೂಡದು ಎಂದು ಮೇಲೆ ಮರಾಠಿಯಲ್ಲಿ ಅಚ್ಚಾಗಿತ್ತು. ಪ್ರತಿ ಹೆಸರಿನ ಹಿಂದೆಯೂ ಯಂತ್ರ ತನ್ನಷ್ಟಕ್ಕೆ ‘ಶ್ರೀಮತಿ’ ಎಂದು ಸೇರಿಸಿತ್ತು. ಉದಗೀರದ ಹೊರಗಿನ ಆ ಬೇಳೆ ಮಿಲ್ಲಿನಲ್ಲಿ ರಂಭಿ, ಏ ರಂಭಿ ಎನ್ನಿಸಿಕೊಂಡು ಇಪ್ಪತ್ತು ವರ್ಷ ತೊಗರಿಬೇಳೆ ಕೇರಿದವಳಿಗೆ ಮೊದಲ ಸಲ ಯಾರೋ ಮರ್ಯಾದೆ ಕೊಟ್ಟಿದ್ದರು, ಅದೂ ಹೊರಗೆ ಹಾಕುವಾಗ.

“ಶ್ರೀಮತಿ ಅಂತನೂ ಬರದದಕ್ಕಾ,” ಎಂದ ಪಂಡಿತ, ಸಮಾಧಾನಕ್ಕೆ.

“ಅದನ್ನ ನಿನ್ನ ಮುಕಳ್ಯಾಗ ಇಟ್ಕೋ.”

ಪಂಡಿತ ಆ ಮಿಲ್ಲಿನ ಹಾಜರಿ ಕಾರಕೂನ. ಊರವರ ಸತ್ತ ಎಮ್ಮೆ ಎಳೆಯುತ್ತಿದ್ದ ಅವನಪ್ಪ, ಇನ್ನು ಮುಂದೆ ದೊಡ್ಡವರೆಲ್ಲ ತನ್ನ ಮಗನನ್ನು ಪಂಡಿತ ಎಂದು ಕರೆಯಲೇಬೇಕಾಗುತ್ತದೆ ಎಂಬ ಭಾರಿ ಯೋಚನೆಯಿಂದ ಆ ಹೆಸರಿಟ್ಟಿದ್ದ. ತೊಟ್ಟಿಲಿಗೆ ಹಾಕಿದ ದಿನ ಸಂಜೆಯೊಳಗೇ ಊರು ಅದನ್ನು ಪಂಡ್ಯಾ ಮಾಡಿತು. ಹತ್ತನೆ ಇಯತ್ತೆ ಮೂರನೆಯ ಸಲಕ್ಕೆ ಪಾಸಾದ. ಅಕ್ಷರ ದುಂಡಗಿತ್ತು. ತಲೆಯ ಬಗ್ಗೆ ಯಾರಿಗೂ ಅಂಥ ಭರವಸೆಯಿರಲಿಲ್ಲ, ಅವನಿಗೂ.

ಹದಿನೆಂಟು ವರ್ಷ ತೂಕದ ಕಾಟಾದ ಪಕ್ಕ ಗೋಣಿಚೀಲಗಳ ಮೇಲೆ ಕುಳಿತು ಹಾಜರಿ ಬರೆದ. ಬಂದವರಿಗೆ ಗೀಟು, ಬಾರದವರಿಗೆ ಸೊನ್ನೆ. ಇವೆರಡರ ನಡುವೆ ಚುಕ್ಕಿ.

ಚುಕ್ಕಿ ಅವನದೇ ಶೋಧ. ಮಿಲ್ಲಿನಲ್ಲಿ ಇದ್ದದ್ದು ಒಂದೇ ಶೌಚಾಲಯ, ಅಲ್ಲಿಯವರ ಮಾತಿನಲ್ಲಿ ಸಂಡಾಸು, ಆಫೀಸಿನ ಹಿಂದೆ. ಅದರ ಕೀಲಿಕೈ ಸಿದ್ಧೇಶ್ವರ ಸಾವಕಾರನ ಕಿಸೆಯಲ್ಲಿ. ಕೆಲಸದವರು ಗೇಟು ದಾಟಿ ಜಾಲಿಕಂಟಿಯ ಮರೆಗೆ ಹೋಗಬೇಕು. ಪಾಳಿಯ ನಡುವೆ ಗೇಟು ದಾಟಿದರೆ ಆ ದಿನ ಗೈರಹಾಜರು ಎಂಬುದು ಸಾವಕಾರನ ಕಾಯಿದೆ. ಯಾವಳಾದರೂ ಹೋಗುವುದು ಅವನ ಕಣ್ಣಿಗೆ ಬಿದ್ದರೆ ಒಳಗಿನಿಂದಲೇ ಕೂಗುತ್ತಿದ್ದ: “ಪಂಡ್ಯಾ, ಹಾಕು ಸೊನ್ನಿ.” ಪಂಡಿತ “ಹೂಂ ರೀ” ಎಂದು ಗೀಟಿನ ಜಾಗದಲ್ಲಿ ಒಂದು ಚುಕ್ಕಿ ಇಡುತ್ತಿದ್ದ. ಹೋಗಿದ್ದಾಳೆ, ಬಂದಿದ್ದಾಳೆ, ದಿನವಿಡೀ ದುಡಿದಿದ್ದಾಳೆ ಎಂದು ಅದರ ಅರ್ಥ. ಸಾವಕಾರ ಕೇಳಿದರೆ “ಬರದೀನ್ರಿ” ಎನ್ನಬಹುದು. ಹೆಂಗಸರು ಕೇಳಿದರೆ “ಬರದಿಲ್ಲಕ್ಕಾ” ಎನ್ನಬಹುದು. ಇದನ್ನು ಅವನು ಮನಸ್ಸಿನಲ್ಲಿ ತನ್ನ ಬಂಡಾಯ ಎಂದು ಕರೆದುಕೊಂಡಿದ್ದ. ಪುಟದ ತುಂಬ ಚುಕ್ಕಿ ಕಂಡ ಸಾವಕಾರ ಒಮ್ಮೆ, ಪೆನ್ನು ಸೋರುತ್ತಿದೆ ಎಂದು ಹೊಸ ಪೆನ್ನು ಕೊಡಿಸಿದ. ಬಂಡಾಯಕ್ಕೆ ಸಿಕ್ಕ ಏಕೈಕ ಫಲ ಅದು.

ರಂಭಾಬಾಯಿಗೆ ಸಕ್ಕರೆ ಕಾಯಿಲೆ. ಅವಳವೇ ಹೆಚ್ಚು ಚುಕ್ಕಿ.

ಶ್ರಾವಣದಲ್ಲಿ ಕಂಪ್ಯೂಟರ ಬಂತು. ಅದರ ಪೂಜೆಗೆ ಗುರುಶಾಂತಯ್ಯ ಸ್ವಾಮಿ ಬಂದರು. ಕೂಡಿಸಲು ಬಂದವಳು ಅವರದೇ ಮಗಳು ಪೂನಮ್. ಸಣ್ಣಪುಟ್ಟ ಮಿಲ್ಲು, ಅಂಗಡಿಗಳ ದಿನದಿನದ ಬರೆಯುವ ಕೆಲಸವನ್ನು ಯಂತ್ರಕ್ಕೆ ಹಚ್ಚಿಕೊಡುವ ಧಂದೆಯನ್ನು ಅವಳು ನಿಲಂಗಾದಲ್ಲಿ ಶುರು ಮಾಡಿದ್ದಳು. ಅಪ್ಪ ವಿಭೂತಿ ಹಚ್ಚಿದರು, ಮಗಳು ವಾಯರು ಹಚ್ಚಿದಳು. ಪಂಡಿತ ಹಾಜರಿ ಪುಸ್ತಕಗಳ ಗಂಟು ಹೊತ್ತು ಹೊಸ್ತಿಲ ಹೊರಗೆ ನಿಂತಿದ್ದ.

“ಪೂಜಾ ಮುಗಿಯೋತನಾ ಒಳಗ ಬರಬ್ಯಾಡೋ,” ಎಂದರು ಸ್ವಾಮಿ. “ಮುಟ್ಟಿ ಗಿಟ್ಟೀಯಾ.”

ಪೂಜೆ ಮುಗಿಯಿತು. ಪೂನಮ್ ಹೊರಗೆ ಇಣುಕಿ, “ಕಾಕಾ, ಬರ್ರಿ. ನೀವಿಲ್ದೆ ಇದಕ್ಕೇನೂ ತಿಳಿಯಾಂಗಿಲ್ಲ,” ಎಂದಳು. ಸ್ವಾಮಿ ತೆಂಗಿನಕಾಯಿ ಗಂಟು ಕಟ್ಟಿಕೊಂಡು ಹೊರಟುಬಿಟ್ಟರು. ಮುಂದಿನ ಎರಡು ತಿಂಗಳು ಪೂನಮ್ಮಳನ್ನು ಬಿಟ್ಟರೆ ಆ ಯಂತ್ರವನ್ನು ಮುಟ್ಟಿದವನು ಪಂಡಿತನೊಬ್ಬನೇ.

ಮುಟ್ಟಿದ್ದಷ್ಟೇ ಅಲ್ಲ, ಕಲಿಸಿದ. ಲಾರಿ ಒಳಗೆ ಬಂದರೆ ಚೀಟಿ ಹೇಗೆ ಬರೆಯಬೇಕು, ಮಾಲು ಹೊರಗೆ ಹೋದರೆ ಗೇಟ್‌ಪಾಸಿಗೆ ಏನೇನು ಬೇಕು, ಯಾವ ವ್ಯಾಪಾರಿಯ ಪತ್ರ ‘ಮಾನ್ಯರೇ’ ಎಂದು ಶುರುವಾಗಬೇಕು, ಎಲ್ಲ. ದಿನಕ್ಕೆ ಅರವತ್ತು ಸಲ ಅವನು ಬರೆಯುತ್ತಿದ್ದ ಚೀಟಿಯನ್ನು ಅದು ಲಾರಿಯ ನಂಬರು ಕಂಡ ಕೂಡಲೇ ತಾನೇ ಉಗುಳತೊಡಗಿತು. ಪಂಡಿತ ಚಹಾದಂಗಡಿಯಲ್ಲಿ “ನಾನೇ ಕಲಿಸೀನಿ” ಎಂದು ಎದೆಯುಬ್ಬಿಸಿ ಹೇಳಿಕೊಂಡ. ತನ್ನ ಕೊರಳಿನ ಅಳತೆಯನ್ನು ಇಷ್ಟು ಹುರುಪಿನಿಂದ ಕೊಟ್ಟವನು ಆ ತಾಲೂಕಿನಲ್ಲಿ ಇನ್ನೊಬ್ಬ ಇರಲಿಲ್ಲ.

ಕೊನೆಗೆ ಹಾಜರಿಯ ಸರದಿ ಬಂತು. ಪೂನಮ್ ಪುಟಗಳ ಫೋಟೋ ಹೊಡೆದು ಯಂತ್ರಕ್ಕೆ ಓದಿಸಿದಳು. ಗೀಟು ಓದಿತು, ಸೊನ್ನೆ ಓದಿತು, ಚುಕ್ಕಿಗೆ ಬಂದು ನಿಂತಿತು.

“ಕಾಕಾ, ಈ ಟಿಂಬ ಏನ್ರಿ? ಮಷೀನ್ ಕೇಳ್ಲಾಕತ್ತದ.”

ಹದಿನೆಂಟು ವರ್ಷದಲ್ಲಿ ಪಂಡಿತನ ಚುಕ್ಕಿಯ ಅರ್ಥ ಕೇಳಿದವರು ಇವಳೊಬ್ಬಳೇ. ಆದರೆ ಸ್ವಾಮಿಗಳ ಮನೆಯ ಮಗಳು, ಲಗ್ನವಾಗದ ಹುಡುಗಿ, ಅದೂ ಕಾಕಾ ಎಂದು ಕರೆದವಳು. ಅವಳೆದುರು ಉಚ್ಚೆ ಎನ್ನುವುದು ಹೇಗೆ?

“ಅದು… ಹೊರಗ ಹೋಗ್ಯಾರಂತ್ರಿ,” ಎಂದ, ಮರ್ಯಾದೆಗೆ ಫ್ಯಾನಿನ ಕಡೆ ನೋಡುತ್ತ.

ಪೂನಮ್ ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ; ಹೊರಗೆ ಎಂಬುದನ್ನೂ ಮರಾಠಿಯಲ್ಲೇ ಕೇಳಿದಳು. “ಮ್ಹಣಜೇ, ಬಾಹೇರ?”

“ಹೂಂ ರೀ. ಬಾಹೇರ.”

ಯಂತ್ರದಲ್ಲಿ ಎರಡೇ ಮನೆಗಳಿದ್ದವು, ಹಾಜರ್ ಮತ್ತು ಗೈರಹಾಜರ್. ಹೊರಗಿದ್ದವರು ಒಳಗಿರಲಿಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಪೂನಮ್ ಒಂದು ಗುಂಡಿ ಒತ್ತಿದಳು. ಪಂಡಿತ ತನ್ನ ಸಭ್ಯತೆಗೆ ತಾನೇ ಮೆಚ್ಚಿ ಮನೆಗೆ ಹೋಗಿ, ಸ್ವಾಮಿಗಳ ಮಗಳು ತನಗೆ ಕಾಕಾ ಅಂದದ್ದನ್ನು ಹೆಂಡತಿಗೆ ಮೂರು ಸಲ ಹೇಳಿದ.

ಈಗ ಅವನು ರಂಭಾಬಾಯಿಯ ಚಪ್ಪಲಿಗೆ ಬೆನ್ನು ಕೊಟ್ಟು ಆಫೀಸಿಗೆ ಓಡಿದ. ಪೂನಮ್ ಯಂತ್ರದೆದುರು ಇದ್ದಳು. ಈ ಸಲ ಫ್ಯಾನು ನೋಡಲಿಲ್ಲ. ನೆಲ ನೋಡುತ್ತ ಹೇಳಿಬಿಟ್ಟ.

“ಉಚ್ಚಿಗಾ?” ಎಂದಳು ಪೂನಮ್, ಚಹಾಕ್ಕಾ ಎಂದಷ್ಟು ಸಲೀಸಾಗಿ. “ಅಯ್ಯ ಕಾಕಾ, ಸೀದಾ ಉಚ್ಚಿ ಅನ್ಬೇಕಿಲ್ರಿ? ಎರಡು ಮಿನಿಟಿನ ಕೆಲಸದ. ತಿದ್ದಿಕೊಡ್ತೀನಿ.”

“ಏನೂ ತಿದ್ದಬ್ಯಾಡ್ ಪೂನಮ್,” ಎಂದ ಸಾವಕಾರ, ಒಳಗಿನ ಕೋಣೆಯಿಂದ ಬರುತ್ತ. “ಕೂಡೋ ಪಂಡಿತರಾವ.”

ಪಂಡಿತ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ.

ಚಹಾ ಬಂತು. ಸಾವಕಾರನಿಗೆ ಪಿಂಗಾಣಿಯ ಕಪ್ಪು, ಪಂಡಿತನಿಗೆ ಕಾಗದದ್ದು. ಪಂಡಿತರಾವ ಆಗುವುದಕ್ಕೂ ಮಟ್ಟಗಳಿದ್ದವು. ಅವನು ಹೆದರಿಕೆಗೆ ಒಂದೇ ಗುಟುಕಿಗೆ ಕುಡಿದ. ಸಾವಕಾರ ಇನ್ನೊಂದು ತರಿಸಿದ.

“ಹೋದ ತಿಂಗಳು ಆ ರಂಭಿ ಆರು ಮಂದೀನ ಕಟ್ಕೊಂಡು ಬಂದು, ಸಂಡಾಸ ಕಟ್ಟಸ್ರಿ ಅಂದಳಲ್ಲ,” ಎಂದ ಸಾವಕಾರ. “ನಾ ಆಕಿನ್ನ ತೆಗದ್ರ ನಾಳಿ ನನಗ ಮುರ್ದಾಬಾದ್ ಅಂತಾರ. ಕಂಪ್ಯೂಟರ ತೆಗದ್ರ ಯಾರಿಗಿ ಅಂತಾರ? ನೋಡು, ನನ್ನ ಕೈನೇ ಹತ್ತಿಲ್ಲ.”

“ಅವ್ರು ಕೆಲಸ ಮಾಡ್ಯಾರ್ರಿ ಸಾವಕಾರ್ರೆ. ಚುಕ್ಕಿ ಅಂದ್ರ—”

“ಚುಕ್ಕಿ ಅಂದ್ರ ಏನಂತ ನಿನಗಷ್ಟೇ ಗೊತ್ತದ. ಅದಕ್ಕೇ ನಿನ್ನ ಸಹಿ ಬೇಕು. ನಾಳಿ ಯಾವನಾದ್ರೂ ಸಾಹೇಬ ಕೇಳಿದ್ರ ಬರದಾಂವೇ ಹೇಳ್ಬೇಕು, ಚುಕ್ಕಿ ಅಂದ್ರ ಗೈರಹಾಜರ ಅಂತ.” ಒಂದು ಕಾಗದ ಮುಂದೆ ಸರಿಸಿದ. “ಚೀಟಿ ಬರಿಯೋ ಕೆಲಸ ಈಗ ಇದೇ ಮಾಡ್ತದ. ನಿನ್ನ ಏನ್ ಮಾಡ್ಲಿ? ಇದರ ಮುಂದ ಕೂಡ್ಸತೀನಿ. ಆ ಖುರ್ಚಿ ನಿಂದು.”

ಮೂಲೆಯಲ್ಲಿ ಗಾಲಿಯ ಖುರ್ಚಿ ಇತ್ತು, ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಪಂಡಿತ ಅದನ್ನು ನೋಡಬಾರದು ಎಂದುಕೊಂಡು ಪೂರ್ತಿ ನೋಡಿದ. ಗೋಣಿಚೀಲದಿಂದ ಅಲ್ಲಿಗೆ ಹತ್ತು ಹೆಜ್ಜೆ. ಮನಸ್ಸು ಆಗಲೇ ಕುಳಿತು ಒಂದು ಸುತ್ತು ತಿರುಗಿಯೂ ಬಂದಿತ್ತು.

ಆಗ ಕಿಟಕಿಯಾಚೆ ರಂಭಾಬಾಯಿಯ ದನಿ ಕೇಳಿತು.

“ಏ ಪಂಡ್ಯಾ, ನಾ ಉಚ್ಚಿಗಿ ಹೊಂಟೀನಿ. ಬರ್ಕೋ.”

ಹೆಂಗಸರು ಮನೆಗೆ ಹೋಗಿರಲಿಲ್ಲ. ಗೇಟಿನೊಳಗೆ ಸಾಲಾಗಿ ಕುಳಿತಿದ್ದರು. ರಂಭಾಬಾಯಿ ಜಾಲಿಕಂಟಿಗೆ ಹೋದಳು, ಬಂದಳು. “ಬಂದೀನಿ, ಬರ್ಕೋ,” ಎಂದಳು. ಇನ್ನೊಬ್ಬಳು ಎದ್ದಳು. “ಪಂಡ್ಯಾ, ನಾನೂ ಹೊಂಟೀನಿ. ಬರ್ಕೋ.” ಅವಳು ಬಂದ ಮೇಲೆ ಮತ್ತೊಬ್ಬಳು. ಕಾಟಾದ ಮೇಲಿನ ಹಮಾಲರು ಚೀಲ ಇಳಿಸಿ ನಗುತ್ತ ನಿಂತರು. ಪೂನಮ್ ತಲೆಯೆತ್ತದೆ ಕೀಲಿಮಣೆಯ ಧೂಳು ಒರೆಸುತ್ತಿದ್ದಳು.

ಎರಡು ಕಪ್ಪು ಚಹಾ ಪಂಡಿತನ ಹೊಟ್ಟೆಯ ಕೆಳಗೆ ಬಂದು ನಿಂತಿತ್ತು. ಬೆಳಿಗ್ಗೆಯಿಂದ ಅವನೂ ಹೋಗಿರಲಿಲ್ಲ. ದಿನಾ ಅವನು ಹೋಗುತ್ತಿದ್ದದ್ದೂ ಅದೇ ಜಾಲಿಕಂಟಿಗೆ, ಗಂಡಸರ ಬದಿಗೆ. ಪುಸ್ತಕ ಬರೆಯುವವನಾದ್ದರಿಂದ ತನ್ನ ಹೆಸರಿಗೆ ಒಂದು ದಿನವೂ ಚುಕ್ಕಿ ಇಟ್ಟುಕೊಂಡಿರಲಿಲ್ಲ. ಬಂಡಾಯಗಾರನ ಹಾಜರಿ ಹದಿನೆಂಟು ವರ್ಷ ನೆಟ್ಟಗೆ ಗೀಟು, ಗೀಟು, ಗೀಟು. ಅವನು ತೊಡೆಗೆ ತೊಡೆ ಒತ್ತಿದ.

ಸಾವಕಾರನ ಕಣ್ಣಿಗೆ ಅದು ಬಿತ್ತು. ಅವನು ನಕ್ಕು, ಕಿಸೆಯಿಂದ ಕೀಲಿಕೈ ತೆಗೆದು ಕಾಗದದ ಮೇಲೆ ಇಟ್ಟ.

“ಇನ್ನ ಮುಂದ ನೀ ಕಂಟ್ಯಾಗ ಕೂಡೋದು ಬ್ಯಾಡ. ಇದೂ ನಿಂದೇ ಅಂತ ತಿಳಿ. ಸಹಿ ಮಾಡು, ಹಿಂದ ಹೋಗಿ ಹಗೂರಾಗಿ ಬಾ. ಬಂದು ಖುರ್ಚಿ ಮ್ಯಾಲ ಕೂಡು.”

ಕೀಲಿಕೈಗೆ ಕೆಂಪು ಪ್ಲಾಸ್ಟಿಕ್ಕಿನ ಬಸವಣ್ಣ ಕಟ್ಟಿತ್ತು. ಪಂಡಿತ ಪೆನ್ನು ತೆಗೆದ. ಅದೇ ಪೆನ್ನು, ಸಾವಕಾರ ಕೊಡಿಸಿದ್ದು. ಕೈ ಕಾಗದದ ತನಕ ಹೋಯಿತು ಕೂಡ. ನಿಬ್ಬು ತಾಗಿದಲ್ಲಿ ಒಂದು ಚುಕ್ಕಿ ಬಿತ್ತು.

“ಪಂಡ್ಯಾ, ಎಲ್ಲಾರೂ ಬಂದೀವಿ ನೋಡು,” ಎಂದಳು ಹೊರಗಿನಿಂದ ರಂಭಾಬಾಯಿ. “ಬರ್ಕೊಂಡ್ಯಾ?”

ಪಂಡಿತ ಎದ್ದ. ನೆಟ್ಟಗೆ ನಿಲ್ಲುವುದು ಕಷ್ಟವಾಗಿತ್ತು. ಸ್ವಲ್ಪ ಬಾಗಿಯೇ ನಿಂತ. ನೋಡಿದವರಿಗೆ ನಮಸ್ಕಾರ ಮಾಡುತ್ತಿದ್ದಾನೆ ಎನ್ನಿಸಬಹುದಿತ್ತು.

“ನಾ ಹೊರಗ ಹೋಗ್ಬೇಕ್ರಿ.”

“ಸಹಿ ಮಾಡು. ಕೀಲಿಕೈ ತಗೊಂಡು ಇಲ್ಲೇ ಹೋಗು.”

“ಒಲ್ಲೆ.”

“ಏನಂದಿ?”

“ಸಹಿ ಒಲ್ಲೆ. ಕೀಲಿಕೈ ಒಲ್ಲೆ. ನಾ ಹೊರಗ ಹೋಗ್ತೀನಿ, ನನ್ನ ಹೆಸರಿಗಿ ಚುಕ್ಕಿ ಹಚ್ಕೋ.”