ನೀಲಕ್ಕನ ಮಣ್ಣು

"ಇನ್ನೊಂದೀಟು ಮ್ಯಾಲ ಹಿಡೀರಿ ಮಾವಾರ," ಎಂದ ಶರಣಬಸವ.

ಶೇಖಪ್ಪ ಮಗಳ ಗಲ್ಲದ ಕೆಳಗೆ ಅಂಗೈ ಕೊಟ್ಟು ತಲೆಯನ್ನು ಎತ್ತಿ ಹಿಡಿದ. ಅಳಿಯ ಅವಳ ಹಣೆಯ ಸುತ್ತ ಬಿಳಿ ಬಟ್ಟೆ ಬಿಗಿದು ಗೋಡೆಯ ಗೂಟಕ್ಕೆ ಕಟ್ಟಿದ. ಈಗ ನೀಲಕ್ಕ ನೆಟ್ಟಗೆ ಕೂತಳು. ಅಯ್ಯನವರು ಹಣೆಗೆ ವಿಭೂತಿ ಬಳಿದರು. ಬೆಳಗಿನ ಜಾವ ಅವಳ ಜೊತೆಗೇ ಹೋದ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟರು. ಇಪ್ಪತ್ತೆಂಟು ವರ್ಷದವಳು. ಹೊಟ್ಟೆಯಲ್ಲಿ ಏಳು ತಿಂಗಳು. ಮುಂಚಿನ ದಿನ ಸಂಜೆ ಹೊಲಿಗೆ ಮಷಿನ್ ಮುಂದೆ ಕೂತಿದ್ದಾಗ ಶುರುವಾದ ರಕ್ತ ನಿಲ್ಲಲೇ ಇಲ್ಲ. ದಾಂಡೇಲಿಯಿಂದ ಧಾರವಾಡಕ್ಕೆ ಹೊರಟ ಆಂಬುಲೆನ್ಸ್ ಹಳಿಯಾಳ ದಾಟಿತ್ತು, ಅಷ್ಟೇ.

"ಶುಕ್ರವಾರ ನನ್ನ ಜಂಪರ್ ಹೊಲಿದು ಕೊಟ್ಟಳ್ರಿ," ಎಂದಳು ಪಕ್ಕದ ಮನೆಯ ಸುನಂದಾ. "ಕಾಲು ಬಾತಿದ್ವು. ಕುಂದರಬ್ಯಾಡವಾ ಅಂದ್ರ, ಸಾಲಿ ಶುರು ಆಗತಾವ, ಹುಡುಗರ ಅಂಗಿ ಯಾರು ಹೊಲೀತಾರ ಅಂದಳು."

ಶರಣಬಸವನ ತಾಯಿ ಮಾಲವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ಗಂಡಿತ್ತಂತ ಬೀಗರ. ನಾಕನೇದ್ದು ಗಂಡಿತ್ತು."

ಮಾಲವ್ವನ ಕಣ್ಣು ಆಗಲೇ ಪಡಸಾಲೆಯ ಆಚೆ ಹೋಗಿತ್ತು. ಅಲ್ಲಿ ಶೇಖಪ್ಪನ ಸಣ್ಣ ಮಗಳು ಪೂರ್ಣಿಮಾ, ಅಕ್ಕನ ಮೂರು ಹೆಣ್ಣುಮಕ್ಕಳನ್ನು ಸುತ್ತ ಕೂರಿಸಿಕೊಂಡು ಅವಲಕ್ಕಿ ತಿನ್ನಿಸುತ್ತಿದ್ದಳು.

"ಚಿಗವ್ವನ್ನ ಬಿಟ್ಟು ಅಗಲವಲ್ವು ನೋಡ್ರಿ," ಎಂದಳು ಮಾಲವ್ವ. ದನಿ ಮೆತ್ತಗಾಗಿತ್ತು. "ಕರುಳಿನಾಕಿ ಕರುಳಿನಾಕೀನ."

ಹೊರಗೆ ನಳದ ಹತ್ತಿರ ಆಶಾ ಕಾರ್ಯಕರ್ತೆ ಅನ್ನಪೂರ್ಣಾ ನಿಂತಿದ್ದಳು. ಶೇಖಪ್ಪ ಕೈ ತೊಳೆಯಲು ಬಂದಾಗ ಅವಳು ಅವನ ಮುಖ ನೋಡಲಿಲ್ಲ, ನಳದ ಕೆಳಗಿನ ಕೊಡ ನೋಡುತ್ತಲೇ ಕೇಳಿದಳು.

"ಆ ಹುಡುಗಿಗೆ ಎಷ್ಟು ವಯಸ್ಸ್ರಿ?"

"ಹದಿನೇಳು. ಹಳಿಯಾಳದಾಗ ಪಿಯುಸಿ ಎರಡನೇ ವರ್ಷ."

"ಇವತ್ತ ಕರಕೊಂಡು ಹೋಗ್ರಿ. ಒಂಬತ್ತು ದಿನ ಇರಲಿ, ಹನ್ನೊಂದು ದಿನ ಇರಲಿ ಅಂತಾರ. ಇಂಥ ಮನಿ ನಾ ಭಾಳ ನೋಡೀನಿ."

*

ಹೋದ ವರ್ಷ ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ ನೀಲಕ್ಕ, ಶರಣಬಸವ ಮಕ್ಕಳೊಂದಿಗೆ ಹಳಿಯಾಳದ ಹತ್ತಿರದ ಶೇಖಪ್ಪನ ಊರಿಗೆ ಬಂದಿದ್ದರು. ತಾಯಿ ಇಲ್ಲದ ಮನೆ. ಮಕ್ಕಳನ್ನು ಮೂರು ದಿನ ಪೂರ್ಣಿಮಾಳ ಹತ್ತಿರ ಬಿಟ್ಟು ಹೋಗುವುದಿತ್ತು.

"ಏನ್ ಕೆಲಸ ಅಂಥಾದ್ದು?" ಎಂದು ಕಟ್ಟೆಯ ಮೇಲೆ ಕೂತಿದ್ದ ಶೇಖಪ್ಪ ಕೇಳಿದ. ಅಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು.

ಶರಣಬಸವ ತಡವರಿಸಿದ. "ಆಪರೇಷನ್ ಮಾಡಿಸ್ಕೋಬೇಕಂತ ಹೆಸರು ಬರಿಸೀನ್ರಿ ಮಾವಾರ. ಇಕೀಗೆ ಮತ್ತ ಬಸಿರು ಬ್ಯಾಡ ಅಂದಾರ ಡಾಕ್ಟರು. ರಕ್ತ ಇಲ್ಲ, ಬಿಪಿ ಐತಿ. ಇಕೀಗೆ ಮಾಡೂದಕ್ಕಿಂತ ನನಗ ಮಾಡೂದು ಸರಳ ಅಂತ."

ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ ನಕ್ಕ. ಆ ನಗು ಶೇಖಪ್ಪನಿಗೆ ತನ್ನ ಮುಖಕ್ಕೇ ಹೊಡೆದಂತಾಯಿತು.

"ಮೂರೂ ಹೆಣ್ಣು," ಎಂದ ಅವನು. "ಒಂದು ಗಂಡಾಗಲಿ, ಆಮ್ಯಾಲ ನೋಡೂಣು. ಎತ್ತಿಗೆ ಬೀಜ ಬಡಿಸಿದಂಗ ಬಡಿಸ್ಕೊಂಡು ಬಂದ್ರ ನಾ ಊರಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

ರೊಟ್ಟಿ ಬಡಿಯುತ್ತಿದ್ದ ನೀಲಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಅಪ್ಪಾ, ನನಗ ಅಂಜಿಕಿ ಬರತೈತಿ," ಎಂದಳು.

"ಹೆಂಗಸರಿಗೆ ಅಂಜಿಕಿ ಇರೂದ. ಒಳಗ ಹೋಗು."

ಅವಳು ಗಂಡನ ಕಡೆ ನೋಡಿದಳು. ಶರಣಬಸವ ನೆಲ ನೋಡುತ್ತಿದ್ದ. ಮಧ್ಯಾಹ್ನದ ಬಸ್ಸಿಗೆ ಮಕ್ಕಳನ್ನೂ ಕರೆದುಕೊಂಡು ವಾಪಸು ಹೋದರು.

*

ನೀಲಕ್ಕನ ಕುಣಿ ಮುಚ್ಚಿ ಮಣ್ಣು ತಟ್ಟಿ, ಬಿಲ್ವಪತ್ರೆ ಹಾಕಿದ ಮೇಲೆ ಗಂಡಸರೆಲ್ಲ ಕೈಕಾಲು ತೊಳೆದು ಹುಣಸೆಮರದ ಕೆಳಗೆ ಕೂತರು. ಶರಣಬಸವನ ಕಾಕಾ ಮುದಕಪ್ಪ ಎಲೆಅಡಿಕೆಯ ಚೀಲ ಬಿಚ್ಚಿದ.

"ಆದದ್ದು ಆತು," ಎಂದ. "ಮೂರು ಕೂಸು ಮುಂದ ಅದಾವ. ಹೊರಗಿನಾಕಿ ಬಂದ್ರ ಅವನ್ನ ನೋಡಂಗಿಲ್ಲ. ನಿಮ್ಮ ಸಣ್ಣಾಕೀನ ಇವನಿಗೆ ಕೊಡ್ರಿ. ಹುಡುಗಿ ಪಿಯುಸಿ ಮುಗಿಸಲಿ, ವಯಸ್ಸೂ ತುಂಬತೈತಿ. ಮಾತು ಮಾತ್ರ ಹನ್ನೊಂದನೇ ದಿವಸ ಆಗಲಿ. ಏನ್ರಿ ಬೀಗರ?"

ಎಲ್ಲರೂ ಶೇಖಪ್ಪನನ್ನು ನೋಡಿದರು. ಆಗಲೇ ತೀರ್ಮಾನವಾದ ಮಾತನ್ನು ತನ್ನ ಕಿವಿಗೆ ಹಾಕುತ್ತಿದ್ದಾರೆಂದು ಅವನಿಗೆ ತಿಳಿಯಿತು. ಅವನು ಅಳಿಯನ ಕಡೆ ತಿರುಗಿದ.

"ನೀ ಏನಂತಿ ಶರಣಬಸು?"

ಶರಣಬಸವ ತಲೆ ಎತ್ತಲಿಲ್ಲ. "ನೀವು ಹೆಂಗ ಹೇಳ್ತೀರಿ ಹಂಗರೀ. ಅವತ್ತೂ ನಿಮ್ಮ ಮಾತ ಕೇಳೀನಿ."

ಶೇಖಪ್ಪ, ಯಾರಿಗೋ ದಾರಿ ಹೇಳುವವನಂತೆ ಸಣ್ಣ ದನಿಯಲ್ಲಿ ಹೇಳಿದ:

"ಇಂವ ಆಪರೇಷನ್‌ಗೆ ಹೊಂಟಿದ್ದ. ನಾ ತಿರುಗಿಸಿ ಕಳಿಸಿದೆ. ಅಂಜಿಕಿ ಬರತೈತಿ ಅಂದಳು ಮಗಳು, ಒಳಗ ಹೋಗು ಅಂದೆ. ಆಕೀನ ಇಲ್ಲಿ ಕುಂದರಿಸಿದಾಂವ ನಾನ. ಇನ್ನೊಬ್ಬಾಕೀನ ಕೊಡಂಗಿಲ್ಲ."

"ಇಂಥಾ ಜಾಗಾದಾಗ ಇದೆಂಥ ಮಾತು," ಎಂದ ಮುದಕಪ್ಪ.

"ಗಿರಣ್ಯಾಗ ನಾವೂ ನಕ್ಕಿದ್ವಿ," ಎಂದ ಶರಣಬಸವನ ಜೊತೆ ಗಿರಣಿಯಲ್ಲಿ ದುಡಿಯುವ ಪರಸಪ್ಪ. "ಹೆಸರು ಬರಿಸ್ಯಾನಂತ ಗೊತ್ತಾದ ದಿವಸ ಇವನ ಡಬ್ಬಿಗೆ ಬಳಿ ಕಟ್ಟಿದ್ವಿ."

ಮುದಕಪ್ಪ ಎಲೆಅಡಿಕೆಯ ಚೀಲ ಕಟ್ಟಿಕೊಂಡು ಏಳುತ್ತಾ, "ಹುಡುಗಿ ಮನ್ಯಾಗ ಐತಿ. ಹೆಂಗಸರು ನೋಡ್ಕೋತಾರ," ಎಂದ.

ಶೇಖಪ್ಪ ಎಲ್ಲರಿಗಿಂತ ಮುಂದೆ ನಡೆದ.

ಪಡಸಾಲೆಯಲ್ಲಿ ಪೂರ್ಣಿಮಾ ನೀಲಕ್ಕನ ಹಸಿರು ಸೀರೆ ಉಟ್ಟು ಕೂತಿದ್ದಳು. ಮಾಲವ್ವ ಹಿಂದೆ ಕೂತು ಅವಳ ತಲೆ ಬಾಚುತ್ತಿದ್ದಳು.

"ಮೈ ತೊಳಕೊಂಡಳ್ರಿ, ಬಟ್ಟಿ ತಂದಿದ್ದಿಲ್ಲ," ಎಂದಳು ಮಾಲವ್ವ. ಬಾಚಣಿಗೆ ನಿಲ್ಲಲಿಲ್ಲ. ನೀಲಕ್ಕನ ಎರಡು ವರ್ಷದ ಕಿರಿಯ ಕೂಸು ಪೂರ್ಣಿಮಾಳ ಸೆರಗಿನಲ್ಲಿ ಮುಖ ಹುದುಗಿಸಿ ಮಲಗಿತ್ತು.

"ಪೂರ್ಣಿ, ನಿನ್ನ ಬಟ್ಟಿ ಹಸೀದ ಇರಲಿ, ಹಾಕ್ಕೋ. ಬಸ್ಸಿನ ಹೊತ್ತಾತು," ಎಂದ ಶೇಖಪ್ಪ.

ಪೂರ್ಣಿಮಾ ಅಪ್ಪನನ್ನು ನೋಡಿದಳು, ಮಾಲವ್ವನನ್ನು ನೋಡಿದಳು. ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎದ್ದಳು. ಕೂಸು ಎಚ್ಚೆತ್ತು ಚೀರಿತು.

"ಇದನ್ನ ಯಾರು ಹಿಡೀತಾರ ಈಗ?" ಎಂದಳು ಮಾಲವ್ವ.

ಹೊಸ್ತಿಲಲ್ಲಿ ನಿಂತಿದ್ದ ಶರಣಬಸವ ಒಳಗೆ ಬಂದು ನೆಲದ ಮೇಲೆ ಮೊಣಕಾಲೂರಿದ. ಎರಡೂ ಕೈ ಚಾಚಿದ. ಕೂಸು ಅಳು ನಿಲ್ಲಿಸಿ ಆ ಕೈಗಳನ್ನು ನೋಡಿತು. ಆಮೇಲೆ ಕೂತಲ್ಲೇ ಹಿಂದಕ್ಕೆ ಸರಿಯಿತು, ಇನ್ನಷ್ಟು ಸರಿಯಿತು. ಅವನು ಕೈ ಇಳಿಸಲಿಲ್ಲ.